ಪಡುಗಲ್ಲಿನ ಬಾಣಂತಿ

ಹವಳಕ್ಕೆ ಬಾಣಂತನ ಮಾಡುವ ಊರು ಎಂದರೆ ಘಟ್ಟದ ಮೇಲಿನವರು ಈಗಲೂ ನಗುತ್ತಾರೆ. ನಗಲಿ, ಬಾಯಿ ಅವರದು, ಹಲ್ಲೂ ಅವರದೇ. ನಡುಬೇಲೆಯವರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಮಾರ್ಚ್ ಬಂತೆಂದರೆ ಕಡಲಿಗೆ ಕಾಲಿಟ್ಟವರು ಬಚ್ಚಲ ಹಂಡೆಗೆ ಕಾಲಿಟ್ಟವರ ಹಾಗೆ ಹಿಂದಕ್ಕೆ ಎಳೆದುಕೊಳ್ಳುವ ಕಾಲ ಅದು. ದಡದಿಂದ ಕಾಣುವ ಪಡುಗಲ್ಲು ಎಂಬ ನಡುಗಡ್ಡೆಯ ಸುತ್ತ ಹವಳದ ದಿಬ್ಬವಿತ್ತು. ಮೀನು ಮೊಟ್ಟೆಯಿಡುವುದು, ಮರಿ ಅಡಗುವುದು ಎಲ್ಲ ಅಲ್ಲೇ. ಒಂದೊಂದು ಬೇಸಿಗೆಗೂ ಆ ದಿಬ್ಬ ಒಂದೊಂದು ಬದಿಯಿಂದ ಬೆಳ್ಳಗಾಗುತ್ತ ಬಂತು. ಅದರ ಹಿಂದೆಯೇ ಮೀನೂ ಹೋಯಿತು.

ಆಗ ಹವಳ ಕೇಂದ್ರದ ಡಾಕ್ಟರ್ ಇಮ್ರಾನ್ ಷಾಬಂದ್ರಿಗೆ ಒಂದು ಯೋಚನೆ ಹೊಳೆಯಿತು. ಬೇಸಿಗೆಯಲ್ಲಿ ಹವಳವನ್ನು ಕಡಲಿನಿಂದ ಎತ್ತಿ ತಂದು ತಂಪು ನೀರಿನಲ್ಲಿ ಸಾಕಿ, ಚಳಿಗಾಲದಲ್ಲಿ ಕಡಲು ತಣಿದ ಮೇಲೆ ಮತ್ತೆ ಕಲ್ಲಿಗೆ ಕೂರಿಸಿದರೆ ಹೇಗೆ? ಎಲ್ಲವನ್ನೂ ಕೇಂದ್ರದ ಒಂದೇ ತೊಟ್ಟಿಯಲ್ಲಿಟ್ಟರೆ ಒಂದು ರೋಗ ಬಂದರೂ ಎಲ್ಲ ಖಲಾಸ್. ಅದಕ್ಕೇ ಮನೆಮನೆಗೆ ಹಂಚಿದ. ಬಿಸಿಲಿನ ಹಲಗೆಯಿಂದ ಓಡುವ ಒಂದು ಸಣ್ಣ ತಂಪು ಯಂತ್ರ, ಅದಕ್ಕೊಂದು ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಗೇಣುದ್ದದ ಹವಳದ ಕೊಂಬೆ. ಗಂಡಸರು ತಲೆ ಕೆರೆದುಕೊಂಡರು, ಹೆಂಗಸರು ಕೂಡಲೇ ಅರ್ಥ ಮಾಡಿಕೊಂಡರು. ಬೇಸಿಗೆಗೆ ತವರಿಗೆ ಬರುತ್ತದೆ, ಮೈತುಂಬಿಕೊಂಡು ಚಳಿಗೆ ಗಂಡನ ಮನೆಗೆ ಹೋಗುತ್ತದೆ. ಬಾಣಂತನ ಅಲ್ಲದೆ ಮತ್ತೇನು ಅದು?

ಹವಳ ಗಿಡವಲ್ಲ, ಪ್ರಾಣಿ ಎಂದು ಇಮ್ರಾನ್ ಮೊದಲ ದಿನವೇ ಹೇಳಿದ್ದ. ಸೂಜಿಮೊನೆಯಷ್ಟು ಬಾಯಿರುವ ಸಾವಿರಾರು ಪುಟ್ಟ ಜೀವಗಳು ಒಟ್ಟಾಗಿ ಸುಣ್ಣದ ಮನೆ ಕಟ್ಟಿಕೊಂಡು ಕೂತಿರುತ್ತವೆ. ಅವುಗಳ ಮೈಯೊಳಗಿನ ಪಾಚಿ ಬೆಳಕಿನಿಂದ ಅನ್ನ ಮಾಡಿ ಬಡಿಸುತ್ತದೆ. ನೀರು ಬಿಸಿಯಾಗಿ ಬಿಸಿಲೂ ಸುಟ್ಟರೆ ಆ ಪಾಚಿಯನ್ನೇ ಹೊರಗೆ ಹಾಕಿ, ಬಣ್ಣ ಕಳೆದುಕೊಂಡು, ಉಪವಾಸ ಬಿದ್ದು ಸಾಯುತ್ತವೆ. ಎಲ್ಲರೂ ತಲೆಯಾಡಿಸಿದರು. ಆದರೆ ಕೊಂಬೆ, ಚಿಗುರು, ಬುಡ ಎಲ್ಲ ಇರುವುದನ್ನು ಗಿಡ ಎನ್ನದೆ ದನ ಎನ್ನಲು ಯಾರಿಗೆ ನಾಲಗೆ ಹೊರಳುತ್ತದೆ? ಹವಳದ ಗಿಡ ಎಂಬ ಹೆಸರೇ ನಿಂತುಬಿಟ್ಟಿತು. ಕೊನೆಗೆ ಇಮ್ರಾನ್ ಕೂಡ, "ಗಿಡ ಹೇಗಿದೆ ಶ್ಯಾಮಲಕ್ಕ?" ಎಂದೇ ಕೇಳತೊಡಗಿದ.

ಶ್ಯಾಮಲಾ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕಿದ್ದಳು. ಪಡುಗಲ್ಲಿನ ಹತ್ತಿರ ತೇಲುವ, ಬೋಯ ಎಂಬ ಅಳತೆಯ ಯಂತ್ರ ಕಳಿಸುವ ನೀರಿನ ಬಿಸಿ, ಅಲೆಯ ಎತ್ತರ, ಗಾಳಿಯ ದಿಕ್ಕು ಎಲ್ಲವನ್ನೂ ಪರದೆಯ ಮೇಲೆ ಕಾಯುವ ಕೆಲಸ. ಮನೆಯಲ್ಲಿ ದೋಣಿ ಓಡಿಸುವ ಗಂಡ ಭಾಸ್ಕರ ಮೊಗವೀರ, ಅವನ ತಾಯಿ ಗುಲಾಬಿ, ಮತ್ತು ರುಬ್ಬುಕಲ್ಲಿನ ಪಕ್ಕದ ತೊಟ್ಟಿಯಲ್ಲಿ ಹವಳ. ಮಕ್ಕಳಿರಲಿಲ್ಲ. ಬೇರೆ ಮನೆಗಳಲ್ಲಿ ತೊಟ್ಟಿ ಒಂದು ಮೂಲೆಗೆ ಇದ್ದರೆ, ಈ ಮನೆಯಲ್ಲಿ ಎಲ್ಲರ ಊಟ ತೊಟ್ಟಿಯ ಎದುರೇ ನಡೆಯುತ್ತಿತ್ತು.

ಆ ವರ್ಷ ಮಳೆಗಾಲದಲ್ಲಿ ಬಿಳಿಪಟ್ಟೆ ರೋಗ ಬಂತು. ಒಂದು ತೊಟ್ಟಿಯ ಬಳಿ ಹೋದ ಕೈ ಇನ್ನೊಂದು ತೊಟ್ಟಿಗೆ ತಾಗಿದರೆ ಸಾಕು, ರೋಗ ದಾಟುತ್ತಿತ್ತು. ಕೇಂದ್ರದ ತೊಟ್ಟಿ, ಕೊಳವೆ ಎಲ್ಲದರಲ್ಲೂ ಅದೇ ಹೊಕ್ಕಿತು. ಶ್ಯಾಮಲಾ ಮನೆಗೆ ಬಂದವಳು ತಲೆಯಿಂದ ಕಾಲಿನವರೆಗೆ ಮಿಂದೇ ಒಳಗೆ ಕಾಲಿಡುತ್ತಿದ್ದಳು. ದೀಪಾವಳಿ ಹೊತ್ತಿಗೆ ಊರಿನ ಎಲ್ಲ ಮನೆಗಳ ಹವಳವೂ ಸತ್ತಿತ್ತು, ಶ್ಯಾಮಲಾಳ ಮನೆಯದೊಂದನ್ನು ಬಿಟ್ಟು. ಆ ಜಾತಿಯ ಹವಳ ಪಡುಗಲ್ಲನ್ನು ಬಿಟ್ಟು ಬೇರೆಲ್ಲೂ ಇರಲಿಲ್ಲ. ಈಗ ಪಡುಗಲ್ಲಿನಲ್ಲೂ ಇಲ್ಲ. ಈ ಚಳಿಗಾಲದಲ್ಲಿ ಇದನ್ನು ಒಯ್ದು ಕಲ್ಲಿಗೆ ಹತ್ತಿಸದಿದ್ದರೆ ಮುಂದೆ ಹತ್ತಿಸಲು ಲೋಕದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆದರೆ ಕಡಲು ತಣಿಯಬೇಕಲ್ಲ!

"ಡಾಕ್ಟ್ರೆ, ಈ ಗೆರೆ ಕೆಳ್ಗೆ ಇಳೂದೇ ಇಲ್ಲೆ ಕಾಣಿ," ಎಂದಳು ಶ್ಯಾಮಲಾ ಪರದೆಗೆ ಬೆರಳಿಟ್ಟು. ಡಿಸೆಂಬರ್ ಮುಗಿಯುತ್ತ ಬಂದಿತ್ತು. ನೀರು ಇಪ್ಪತ್ತೆಂಟು ಡಿಗ್ರಿಗೆ ಇಳಿಯಬೇಕು, ಗೆರೆ ಮಾತ್ರ ಮೂವತ್ತರ ಹತ್ತಿರವೇ ಮಲಗಿತ್ತು.

"ಬಡಗಾಳಿ ಬೀಸಬೇಕು ಶ್ಯಾಮಲಕ್ಕ. ಗಾಳಿ ಬಂದರೆ ಮೇಲಿನ ಬಿಸಿ ಕದಡಿ ಅಡಿಯ ತಂಪು ಮೇಲೆ ಬರ್ತದೆ. ಬರುವ ವಾರ ಬೀಸ್ತದೆ ಅಂತ ಹವಾಮಾನದವರು ಹೇಳ್ತಿದ್ದಾರೆ."

"ಅವ್ರ್ ಹ್ವಾದ ವಾರವೂ ಅದನ್ನೇ ಹೇಳಿರ್."

ಇಮ್ರಾನ್ ನಗಲು ನೋಡಿದ, ಆಗಲಿಲ್ಲ. ಚಹಾದ ಲೋಟ ಅವನ ಕೈಯಲ್ಲೇ ಆರುತ್ತಿತ್ತು. "ನೀವು ತಯಾರಿ ಮಾಡ್ಕೊಳ್ಳಿ. ಗಾಳಿ ಬಂದ ಮಾರನೆ ದಿನವೇ ಹೊರಡುವ. ತೊಟ್ಟಿಯ ಯಂತ್ರ ಹಳೆಯದಾಯ್ತು, ಇನ್ನೊಂದು ಬೇಸಿಗೆ ಎಳೆಯುವುದಿಲ್ಲ. ನಮಗೆ ಇದೊಂದೇ ಚಳಿಗಾಲ," ಎಂದ.

ಹಾಗೆ ತಯಾರಿ ಶುರುವಾಯಿತು. ಹಿಂದಿನ ವರ್ಷಗಳಲ್ಲಿ ಹತ್ತಾರು ಹೆಂಗಸರು ಮುಖಕ್ಕೆ ಗಾಜಿನ ಮಾಸ್ಕು, ಬಾಯಿಗೆ ಉಸಿರುಕೊಳವೆ ಕಟ್ಟಿಕೊಂಡು ಜಾತ್ರೆಗೆ ಹೊರಟವರಂತೆ ದೋಣಿ ಹತ್ತುತ್ತಿದ್ದರು. ಸ್ನಾರ್ಕೆಲ್ ಎಂದು ಹೇಳಲು ಬಾರದೆ ಅದನ್ನು ಸೊರಕೆ ಎಂದು ಕರೆದು, ಸೊರಕಾಯಿ ಎಂದು ಚಾಷ್ಟಿ ಮಾಡಿ, ನಗುತ್ತ ನೀರಿಗಿಳಿಯುತ್ತಿದ್ದರು. ಈ ವರ್ಷ ಶ್ಯಾಮಲಾ ಒಬ್ಬಳೇ. ಭಾಸ್ಕರನಿಗೆ ಕಿವಿಯ ತಮಟೆ ಹರಿದು ಮುಳುಗುವ ಹಾಗಿರಲಿಲ್ಲ. ಉಳಿದವರಿಗೆ ಒಯ್ಯಲು ಏನೂ ಇರಲಿಲ್ಲ.

ಬಚ್ಚಲುಮನೆಯ ನೀಲಿ ಡ್ರಮ್ಮಿಗೆ ನೀರು ತುಂಬಿಸಿ, ಅಡಿಗೊಂದು ಕಲ್ಲಿಟ್ಟು, ಅವಳು ದಿನವೂ ಅಭ್ಯಾಸ ಮಾಡಿದಳು. ಹವಳದ ಬದಲು ಕೈಯಲ್ಲಿ ಶುಂಠಿಯ ಕೊಂಬು. ಒಂದೇ ಉಸಿರಿನಲ್ಲಿ ತಲೆ ಮುಳುಗಿಸಿ, ಅಂಟುಮಣ್ಣನ್ನು ಕಲ್ಲಿಗೆ ಒತ್ತಿ, ಅದರ ಮೇಲೆ ಶುಂಠಿಯನ್ನು ನೆಟ್ಟಗೆ ನಿಲ್ಲಿಸಿ ಮೇಲೇಳಬೇಕು. ಶುಂಠಿ ಮೊದಮೊದಲು ಬಿದ್ದೇ ಬೀಳುತ್ತಿತ್ತು.

"ಹ್ವಾಯ್ ಅಬ್ಬೀ, ನಿಮ್ಮ ಸೊಸೆ ಡ್ರಮ್ಮಿಗೆ ಬಿತ್ತ್, ಬನ್ನಿ!" ಎಂದು ಭಾಸ್ಕರ ಕೂಗುತ್ತಿದ್ದ.

"ಬಾಯ್ ಮುಚ್ಕಣಿ ಕಾಂಬ. ನಿಮ್ಮನ್ನ ಮುಳ್ಗಿಸ್ರೆ ಗೊತ್ತಾತ್ತ್," ಎಂದು ಅವಳು ಕೆಮ್ಮುತ್ತ ಕೊಳವೆಯ ನೀರು ಉಗುಳುತ್ತಿದ್ದಳು.

ಮಾಸ್ಕಿನ ಗಾಜಿಗೆ ಹಬೆ ಕೂರದಂತೆ ಒಳಬದಿಗೆ ಟೂತ್‌ಪೇಸ್ಟ್ ತಿಕ್ಕಿ ತೊಳೆದಳು. ರಬ್ಬರಿನ ಪಟ್ಟಿ ಸೀಳಿದ್ದನ್ನು ಸೈಕಲ್ ಟ್ಯೂಬಿನಿಂದ ಕಟ್ಟಿದಳು. ತಲೆಗೆ ಎಣ್ಣೆ, ಮುಖಕ್ಕೆ ಕ್ರೀಮು ಹಚ್ಚುವುದನ್ನೇ ಬಿಟ್ಟಳು. ಎಣ್ಣೆಯ ಒಂದು ಹನಿ ನೀರಿನಲ್ಲಿ ಹರಡಿದರೂ ಹವಳಕ್ಕೆ ಉಸಿರು ಕಟ್ಟುತ್ತದೆ ಎಂದು ಇಮ್ರಾನ್ ಕಟ್ಟುನಿಟ್ಟಾಗಿ ಹೇಳಿದ್ದ. ಗುಲಾಬಿಗೆ ಇದೊಂದು ಮಾತ್ರ ಸಹಿಸಲಾಗಲಿಲ್ಲ.

"ಮುತ್ತೈದೆ ಹೆಂಗ್ಸ್, ಮಂಡಿಗ್ ಎಣ್ಣಿ ಇಲ್ದೆ ಕೂಕಂಬುದಾ? ನಿಂಗ್ ಹೀಂಗೆ, ಆ ಗಿಡಕ್ ಹ್ಯಾಂಗೋ ಏನೋ," ಎಂದು ಸೊಸೆಯ ಒಣಗಿದ ತಲೆ ನೋಡಿ ಗೊಣಗಿದಳು. ಆದರೆ ಹವಳದ ಉಪಚಾರದಲ್ಲಿ ಆಕೆಯದ್ದು ಒಂದು ಕೈ ಮೇಲೆಯೇ. ವಾರಕ್ಕೊಮ್ಮೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವ ಕೆಲಸ ಆಕೆಯದು. ಹವಳ ಮೈ ಕಟ್ಟಲು ಸುಣ್ಣ ಬೇಕು ಎಂದು ಇಮ್ರಾನೇ ಕಲಿಸಿದ್ದ. ಎಲೆಯಡಿಕೆಯ ಡಬ್ಬಿಯ ಸುಣ್ಣಕ್ಕೆ ಅಂಥ ಮರ್ಯಾದೆ ಸಿಕ್ಕಿದ್ದು ಗುಲಾಬಿಗೆ ಬಹಳ ಖುಷಿ ಕೊಟ್ಟಿತ್ತು.

ಹೊರಡುವ ದಿನ ಹತ್ತಿರ ಬಂತೆಂದು ಊರಿಗೆ ಗೊತ್ತಾದದ್ದೇ ತಡ, ಜನ ನೋಡಲು ಬರತೊಡಗಿದರು. ಬಾಗಿಲಿನಿಂದ ಒಳಗೆ ಯಾರಿಗೂ ಪ್ರವೇಶವಿರಲಿಲ್ಲ. ಹೊಸ್ತಿಲ ಆಚೆ ನಿಂತೇ ಕತ್ತು ಚಾಚಿದರು. ಕಂದು ಮೈ, ತುದಿಯಲ್ಲಿ ಎಳೆ ನೀಲಿ. ನೀರಿನ ಸೆಳೆತಕ್ಕೆ ಅದರ ಪುಟ್ಟ ಬಾಯಿಗಳೆಲ್ಲ ತೆರೆದುಕೊಂಡು ಆಡುತ್ತಿದ್ದವು. ಪಕ್ಕದ ಮನೆಯ ಬೇಬಿ ಬಹಳ ಹೊತ್ತು ನಿಂತಳು. ಅವಳ ಹವಳ ಸತ್ತು ಎರಡು ತಿಂಗಳು ದಾಟಿತ್ತು.

"ಎಷ್ಟ್ ಚಂದ ಇತ್ತಲ್ದಾ ಗುಲಾಬಕ್ಕ. ನಮ್ಮದೆಲ್ಲ ಹೋಯ್ತ್, ನಿಮ್ಮದೊಂದ್ ಹ್ಯಾಂಗ್ ತುಂಬ್ಕಂಡ್ ಕೂತಿತ್ತ್ ಕಾಣಿ," ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ದುಃಖವಷ್ಟೇ ಇತ್ತು. ಆದರೆ ಗುಲಾಬಿಯ ಮುಖ ಕಪ್ಪಿಟ್ಟಿತು.

ಮರುದಿನ ಸಂಜೆ ನಿಯಂತ್ರಣ ಕೋಣೆಗೆ ಸುದ್ದಿ ಬಂತು. ಬಡಗಾಳಿ ಗುಜರಾತ್ ದಾಟಿದೆ, ಮೂರ್ನಾಲ್ಕು ದಿನದಲ್ಲಿ ಇಲ್ಲಿಗೆ. ಇಮ್ರಾನ್ ಎರಡೂ ಕೈ ಮೇಲೆತ್ತಿ ಅಲ್ಲಾಹುವಿಗೆ ಶುಕ್ರ್ ಹೇಳಿದ. ಶ್ಯಾಮಲಾ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ಓಡಿಕೊಂಡೇ ಮನೆಗೆ ಬಂದಳು, ಮಿಂದಳು, ಒದ್ದೆ ಕೂದಲಲ್ಲೇ ಅಡುಗೆಕೋಣೆಗೆ ನುಗ್ಗಿದಳು.

ತೊಟ್ಟಿಯ ನೀರು ಕೆಂಪಗಿತ್ತು.

ಅವಳಿಗೆ ಮೊದಲು ಏನೂ ಅರ್ಥವಾಗಲಿಲ್ಲ. ದೀಪದ ಬಣ್ಣವಿರಬೇಕು ಎಂದುಕೊಂಡಳು. ಪಕ್ಕದಲ್ಲಿ ಹಿತ್ತಾಳೆಯ ತಟ್ಟೆ, ತಟ್ಟೆಯಂಚಿಗೆ ಅಂಟಿದ ಕೆಂಪು, ಆರಿದ ಬತ್ತಿ. ಗುಲಾಬಿ ಕೈ ಒರೆಸಿಕೊಳ್ಳುತ್ತ ನೆಮ್ಮದಿಯಿಂದ ನಿಂತಿದ್ದಳು.

"ಅತ್ತೆ, ಎಂತ ಇದ್?"

"ಕಣ್ಣ್ ತೆಗ್ದೆ ಹೆಣ್ಣೆ. ಊರವ್ರ ಕಣ್ಣೆಲ್ಲ ಅದ್ರ ಮೇಲೆ. ಪರಊರಿಗ್ ಹೋಪ ಬಾಣಂತಿ, ಹಾಂಗೆ ಕಳ್ಸೂಕಾತ್ತಾ? ಕುರ್ದಿ ನೀರ್ ಎತ್ತಿ ಗಿಡದ ಬುಡಕ್ ಹೊಯ್ದೆ."

ಅರಸಿನ, ಸುಣ್ಣ ನೀರಿನಲ್ಲಿ ಕಲಸಿದರೆ ಕೆಂಪಗಾಗುತ್ತದಲ್ಲ, ಅದೇ ಕುರ್ದಿ. ಮದುಮಕ್ಕಳಿಗೆ, ಬಾಣಂತಿಯರಿಗೆ ಅದನ್ನು ಎತ್ತಿ ದೃಷ್ಟಿ ತೆಗೆದು, ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೆ ಹೊಯ್ಯಬೇಕು. ನಡುಬೇಲೆಯ ಎಲ್ಲ ತಾಯಂದಿರೂ ಹಾಗೆಯೇ ಮಾಡಿದ್ದು. ಆದರೆ ಅಂಗಳದ ತುಳಸಿ, ದಾಸವಾಳ, ಬಾಳೆ ಎಲ್ಲ ಉಪ್ಪುನೀರು ನುಗ್ಗಿ ಒಣಗಿ ವರ್ಷಗಳಾಗಿದ್ದವು. ಆ ಮನೆಯಲ್ಲಿ ಗಿಡ ಎಂದು ಉಳಿದದ್ದು ಇದೊಂದೇ.

"ಸುಣ್ಣದ ನೀರ್ ಅದ್ಕ್ ಒಳ್ಳೇದ್ ಅಲ್ದಾ? ಡಾಕ್ಟ್ರೇ ಹೇಳ್ಕೊಟ್ಟದ್ದ್," ಎಂದಳು ಗುಲಾಬಿ. ಸೊಸೆಯ ಮುಖ ನೋಡಿ ಆಕೆಯ ಸ್ವರ ಅಲ್ಲಿಗೇ ಕುಗ್ಗಿತು.

ಶ್ಯಾಮಲಾ ಕಿರುಚಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಭಾಸ್ಕರ ಓಡಿಬಂದ. ಇಬ್ಬರೂ ಸೇರಿ ಕೊಡಪಾನ ಕೊಡಪಾನವಾಗಿ ಕೆಂಪು ನೀರನ್ನು ಹೊರಗೆ ಚೆಲ್ಲಿದರು, ಹಂಡೆಯಲ್ಲಿ ಇಟ್ಟಿದ್ದ ಸೋಸಿದ ಕಡಲ ನೀರನ್ನು ತುಂಬಿದರು. ಹವಳ ಮೈತುಂಬ ಲೋಳೆ ಬಿಟ್ಟಿತ್ತು. ಬಾಯಿಗಳೆಲ್ಲ ಮುಚ್ಚಿಕೊಂಡಿದ್ದವು. ಲೋಳೆಯ ಜೊತೆಗೇ ಕಂದು ಚರ್ಮ ಹಾಳೆಹಾಳೆಯಾಗಿ ಕಳಚಿ ನೀರಿನಲ್ಲಿ ತೇಲತೊಡಗಿತು. ಅದರ ಕೆಳಗೆ ಬರಿಯ ಬಿಳಿ ಸುಣ್ಣ.

ಸುದ್ದಿ ತಿಳಿದು ಓಡಿಬಂದ ಇಮ್ರಾನ್ ಕೈಕಾಲು ತೊಳೆದು ಒಳಗೆ ನುಗ್ಗಿದ. ತೊಟ್ಟಿಯ ಮುಂದೆ ಮಂಡಿಯೂರಿ ಕೂತ. ಭೂತಗನ್ನಡಿ ಹಿಡಿದು ಪ್ರತಿ ಕೊಂಬೆಯನ್ನೂ ನೋಡಿದ. ಸುಣ್ಣ ನೀರನ್ನು ಒಮ್ಮೆಲೇ ಕ್ಷಾರ ಮಾಡಿತ್ತು, ಅರಸಿನ ಬಾಯಿಗಳನ್ನೆಲ್ಲ ಮುಚ್ಚಿತ್ತು. ತಂಪು ನೀರು ಒಳಗೆ ಬೀಳುವ ಕೊಳವೆಯ ಬಾಯಿಗೆ ತಾಗಿಕೊಂಡಿದ್ದ ಒಂದೇ ಒಂದು ತುದಿ ಮಾತ್ರ ಉಳಿದಿತ್ತು. ಹೆಬ್ಬೆರಳಷ್ಟು. ಇಮ್ರಾನ್ ಸಣ್ಣ ಇಕ್ಕಳದಿಂದ ಅದನ್ನು ಮುರಿದು ಸ್ಟೀಲಿನ ಡಬ್ಬಿಯ ಹೊಸ ನೀರಿಗೆ ಹಾಕಿದ.

"ಈ ತೊಟ್ಟಿಗೆ ವಾಪಸು ಹಾಕುವ ಹಾಗಿಲ್ಲ. ಸೋಸುವ ಸ್ಪಂಜಿಗೆಲ್ಲ ಅರಸಿನ ಹೊಕ್ಕಿದೆ. ಕೇಂದ್ರದ್ದರಲ್ಲಿ, ಬೇರೆ ಮನೆಗಳಲ್ಲಿ ರೋಗ. ಡಬ್ಬಿಯಲ್ಲಿ ಎಷ್ಟು ಹೊತ್ತು ಇರ್ತದೆ?" ಎಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

"ಕಡಲಿಗ್ ಹಾಕುವ," ಎಂದಳು ಶ್ಯಾಮಲಾ.

"ಗಾಳಿ ಬಂದಿಲ್ಲ ಶ್ಯಾಮಲಕ್ಕ. ನೀರು ಬಿಸಿ ಇದೆ."

"ಡಬ್ಬಿಯಗೆ ಸಾಯೂದ್ ಖಂಡಿತ. ಅಲ್ಲ್ ಸಾಯೂದ್ ಖಂಡಿತ ಅಲ್ಲ. ಹೌದಾ ಅಲ್ದಾ, ಅಷ್ಟ್ ಹೇಳಿ."

ಅವನು ಹೌದು ಎಂದು ತಲೆಯಾಡಿಸಿದ.

ಗುಲಾಬಿ ಒಲೆಯ ಬದಿಗೆ ಗೋಡೆ ಹಿಡಿದು ನಿಂತಿದ್ದಳು. "ಹೆಣ್ಣೆ, ನಂಗ್ ಗೊತ್ತಾಯ್ಲಿಲ್ಲೆ..." ಎಂದು ಏನೋ ಹೇಳಲು ಹೊರಟಳು. ಶ್ಯಾಮಲಾ ತಿರುಗಿದಳು. ಎಷ್ಟೋ ವರ್ಷ ಅತ್ತೆಯ ಎದುರು ಸ್ವರ ಏರಿಸದವಳು ಅಂದು ಏರಿಸಿದಳು.

"ರೋಗಕ್ಕೂ ಸಾಯ್ದಿದ್ದದ್ದನ್ನ ನೀವ್ ಕೈಯ್ಯಾರೆ ಕೊಂದ್ರಿ ಅತ್ತೆ. ನನ್ ಕಣ್ಣೆದ್ರ್ ನಿಲ್ಬೇಡಿ."

ಗುಲಾಬಿ ಹೊರಗೆ ಹೋಗಿ ಅಂಗಳದ ಕಲ್ಲಿನ ಮೇಲೆ ಕೂತಳು. ಭಾಸ್ಕರ ಕರೆದರೂ ಉಣ್ಣಲು ಏಳಲಿಲ್ಲ. ಶ್ಯಾಮಲಾ ಕರೆಯಲಿಲ್ಲ. ಅವಳಿಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಡಬ್ಬಿಯ ಸುತ್ತ ಐಸಿನ ಬಾಟಲಿ ಕಟ್ಟಿ ನೀರನ್ನು ತಂಪಾಗಿಡುವುದು, ಪಿಚಕಾರಿಯಿಂದ ಗಾಳಿಗುಳ್ಳೆ ಬಿಡುವುದು, ಇಷ್ಟೇ ಮಾಡುತ್ತ ಕೂತಳು.

ಬೆಳಕು ಹರಿಯುತ್ತಲೇ ದೋಣಿ ಹೊರಟಿತು. ಅಷ್ಟು ದಿನ ಮಾಡಿದ ತಯಾರಿಗೆಲ್ಲ ಒಂದು ಕ್ರಮವಿತ್ತು, ಹೊರಟದ್ದು ಮಾತ್ರ ಮನೆಗೆ ಬೆಂಕಿ ಬಿದ್ದವರ ಹಾಗೆ. ಸೈಕಲ್ ಟ್ಯೂಬು ಕಟ್ಟಿದ ಮಾಸ್ಕು ಸಿಕ್ಕಿತು, ಈಜುವ ರೆಕ್ಕೆಚಪ್ಪಲಿ ಒಂದೇ ಕಾಲಿನದು ಸಿಕ್ಕಿತು. ಇಮ್ರಾನ್ ನಿಯಂತ್ರಣ ಕೋಣೆಯಲ್ಲಿ ಉಳಿದು ವೈರ್‌ಲೆಸ್ಸಿನಲ್ಲಿ ನೀರಿನ ಬಿಸಿ ಹೇಳುತ್ತಿರಬೇಕೆಂದು ಮಾತಾಯಿತು. ಡಬ್ಬಿ ಶ್ಯಾಮಲಾಳ ತೊಡೆಯ ಮೇಲಿತ್ತು. ಬೇಬಿ ಕರೆಯದೆಯೇ ತನ್ನ ಮಾಸ್ಕು, ಕೊಳವೆಯನ್ನು ಕುದಿನೀರಿನಲ್ಲಿ ತೊಳೆದು ತಂದು ದೋಣಿ ಹತ್ತಿ ಕೂತಿದ್ದಳು. "ನನ್ ಮಾತಿಂದಲೇ ಆದ್ದಲ್ದಾ ಎಲ್ಲ," ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಪಡುಗಲ್ಲಿನ ಮೂಡುಬದಿಯಲ್ಲಿ ನೀರು ಆಳವಿಲ್ಲ, ಕಲ್ಲುಗಳು ಮೇಲಕ್ಕೇ ಇವೆ. ದೋಣಿ ಹತ್ತಿರ ಹೋಗುವಂತಿಲ್ಲ. ಶ್ಯಾಮಲಾ ಮಾಸ್ಕು ಕಟ್ಟಿ, ಡಬ್ಬಿಯನ್ನು ಎದೆಗವಚಿಕೊಂಡು ಇಳಿದಳು. ನೀರು ಉಗುರುಬೆಚ್ಚಗಿತ್ತು. ಮುಖ ಮುಳುಗಿಸಿದರೆ ಕೆಳಗೆಲ್ಲ ಸತ್ತ ಹವಳದ ಬಿಳಿ ರಾಶಿ, ಅದರ ಮೇಲೆ ಹಸಿರು ಪಾಚಿಯ ಮಂಕು. ಒಂದು ಮೀನೂ ಇಲ್ಲ. ತನ್ನ ಉಸಿರು ಕೊಳವೆಯಲ್ಲಿ ಹೋಗಿ ಬರುವ ಸದ್ದೊಂದೇ ಅವಳಿಗೆ ಕೇಳಿಸುತ್ತಿತ್ತು. ಇಲ್ಲೇ ಹೋದ ಚಳಿಗಾಲ ಹೆಂಗಸರು ಒಬ್ಬರ ಕಾಲು ಒಬ್ಬರಿಗೆ ತಾಗಿ ನಕ್ಕಿದ್ದರು.

ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು ನೀರಿದ್ದ ಕಡೆ ಒಂದು ಕಲ್ಲಿನ ಮಗ್ಗುಲನ್ನು ಆರಿಸಿದಳು. ಉಸಿರು ಹಿಡಿದು ಮುಳುಗಿದಳು. ಅಂಟುಮಣ್ಣನ್ನು ಒತ್ತಿದಳು, ತುದಿಯನ್ನು ನಿಲ್ಲಿಸಿದಳು. ಡ್ರಮ್ಮಿನಲ್ಲಿ ಬಿದ್ದ ಶುಂಠಿಯ ಹಾಗೆ ಅದು ಬೀಳಲಿಲ್ಲ. ಎದೆ ಸಿಡಿಯುವವರೆಗೆ ಎರಡು ಬೆರಳು ಅದರ ಬುಡಕ್ಕೆ ಒತ್ತಿ ಹಿಡಿದು ಮೇಲೆ ಬಂದಳು.

"ನಿಂತಿತು," ಎಂದು ಭಾಸ್ಕರ ವೈರ್‌ಲೆಸ್ಸಿನಲ್ಲಿ ಹೇಳಿದ.

"ಬಿಸಿಲಿಂದ ಕಾಪಾಡಬೇಕು," ಎಂದಿತು ಇಮ್ರಾನನ ಸ್ವರ. "ಬರೀ ಬಿಸಿನೀರನ್ನ ನಾಲ್ಕು ದಿನ ತಡ್ಕೊಳ್ಳಬಹುದು. ಬಿಸಿನೀರಿನ ಜೊತೆ ಮಧ್ಯಾಹ್ನದ ಬಿಸಿಲು ಬಿದ್ದರೆ ಒಂದೇ ದಿನ. ಹೇಗಾದ್ರೂ ನೆರಳು ಮಾಡಿ."

ನಾಲ್ಕು ಡಬ್ಬ ಕಟ್ಟಿ ಟಾರ್ಪಾಲು ತೇಲಿಸಿದರು. ಅಲೆ ಅದನ್ನು ಎಳೆದು ಕಲ್ಲಿಗೆ ಉಜ್ಜಿ, ಇನ್ನೇನು ಹವಳದ ಮೇಲೇ ಹರಿದುಹೋಗುತ್ತಿತ್ತು. ಶ್ಯಾಮಲಾ ಕೈಯಡ್ಡ ಕೊಟ್ಟು ಮೊಣಕೈ ಸೀಳಿಕೊಂಡು ಅದನ್ನು ತಪ್ಪಿಸಿದಳು. ಬಲೆ ಮಡಚಿ ಹಾಸಿದರು, ಅದೂ ನಿಲ್ಲಲಿಲ್ಲ. ಸೂರ್ಯ ಏರುತ್ತಲೇ ಇದ್ದ. ನೀರಿನಡಿಯ ಬಿಳಿ ಕಲ್ಲುಗಳು ಬೆಳಗತೊಡಗಿದವು, ಆ ಬೆಳಕು ಹೆಬ್ಬೆರಳಷ್ಟರ ಆ ತುದಿಯನ್ನು ಮುಟ್ಟಿತು.

ಆಗ ಶ್ಯಾಮಲಾ ಕಂಡದ್ದು ತನ್ನದೇ ನೆರಳನ್ನು. ಅವಳು ತೇಲುತ್ತಿದ್ದ ಕಡೆ ಕೆಳಗಿನ ಕಲ್ಲಿನ ಮೇಲೆ ಮಸುಕಾಗಿ ಒಂದು ಹೆಂಗಸು ಕೈಕಾಲು ಚಾಚಿ ಮಲಗಿದ್ದಳು. ಶ್ಯಾಮಲಾ ತೆಂಕಿಗೆ ಸ್ವಲ್ಪ ಸರಿದಳು. ನೆರಳು ಹೋಗಿ ಹವಳದ ಮೇಲೆ ಕೂತಿತು.

ಅಲ್ಲಿಂದ ಅವಳು ಕದಲಲಿಲ್ಲ. ಬೋರಲಾಗಿ, ಬಾಯಲ್ಲಿ ಕೊಳವೆ ಕಚ್ಚಿ, ಅಲೆ ತಳ್ಳಿದರೆ ಮತ್ತೆ ಬಂದು ಅದೇ ಜಾಗಕ್ಕೆ ಸೇರಿದಳು. ಬೆನ್ನು ಸುಟ್ಟಿತು. ಉಪ್ಪುನೀರು ಸೀಳಿದ ಮೊಣಕೈಯನ್ನು ಕಡಿಯಿತು. ಕಾಲಿನ ಮಾಂಸ ಗಂಟುಕಟ್ಟಿದಾಗ ಕೊಳವೆಯೊಳಗೇ ಅತ್ತಳು. ಭಾಸ್ಕರ ಕೂಗಿ ಕೂಗಿ ಸೋತ. ಕೊನೆಗೆ ಬೇಬಿ ಸೀರೆಯ ಮೇಲೇ ಲೈಫ್ ಜಾಕೆಟ್ ಬಿಗಿದು, ಮಾಸ್ಕು ಹಾಕಿ ಇಳಿದಳು. "ಸರಿ ಆಚೆ, ನಾನ್ ಮಲ್ಗ್ತೆ," ಎಂದು ಅವಳನ್ನು ದೋಣಿಯ ಕಡೆಗೆ ತಳ್ಳಿ ತಾನು ಆ ಜಾಗ ಹಿಡಿದಳು.

ಮಾರನೆಯ ದಿನ ಇನ್ನೆರಡು ದೋಣಿ ಬಂದವು. ಹೆಂಗಸರು ತಮ್ಮ ತಮ್ಮ ಹಳೆ ಮಾಸ್ಕು, ಕೊಳವೆ ಹುಡುಕಿ ತಂದಿದ್ದರು. ಎಲ್ಲರದ್ದೂ ಕುದಿನೀರಿನಲ್ಲಿ ತೊಳೆದು ಒಣಗಿಸಿದ್ದು, ರೋಗ ದಾಟಬಾರದೆಂದು. ಪಾಳಿಯ ಪ್ರಕಾರ ಒಬ್ಬೊಬ್ಬರೇ ಇಳಿದರು. ಯಾರೂ ಸೊರಕಾಯಿ ಎಂದು ನಗಲಿಲ್ಲ. ಹವಳದ ಒಂದು ಮಗ್ಗುಲು ಬೆಳ್ಳಗಾಗಿತ್ತು, ಇನ್ನೊಂದು ಮಗ್ಗುಲಲ್ಲಿ ಕಂದು ಬಣ್ಣ ಇನ್ನೂ ಇತ್ತು.

ಕೊನೆಯ ದೋಣಿಯಿಂದ ಗುಲಾಬಿ ಇಳಿಯಲು ಹೊರಟಾಗ ಭಾಸ್ಕರ ಗಾಬರಿಯಾದ. "ಅಬ್ಬೀ, ನಿಮ್ಗೆಂತ ಮಂಡಿ ಸಮ ಇತ್ತಾ? ಈ ಪ್ರಾಯದಗೆ?"

"ಸಣ್ಣದಿಪ್ಪಾಗ ಇದೇ ಕಲ್ಲಗೆ ಪಚ್ಚಿಲೆ ಚಿಪ್ಪ್ ಕಿತ್ತವ್ಳ್ ನಾನ್. ಕೈ ಬಿಡ್," ಎಂದಳು ಆಕೆ. ಆಮೇಲೆ ಶ್ಯಾಮಲಾಳ ಕಡೆ ನೋಡದೆ, "ಇವತ್ತ್ ಮಂಡಿಗ್ ಎಣ್ಣಿ ಹಾಕ್ಲಿಲ್ಲೆ," ಎಂದು ಸೇರಿಸಿದಳು.

ಅತ್ತೆ ಉಣ್ಣದೆ ಎರಡು ದಿನವಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಕೊಂದಿರಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಅದು ಸುಳ್ಳೂ ಆಗಿರಲಿಲ್ಲ. ಶ್ಯಾಮಲಾ ತನ್ನ ಮಾಸ್ಕನ್ನೇ ಬಿಚ್ಚಿ, ಅತ್ತೆಯ ಬಿಳಿಗೂದಲು ಪಟ್ಟಿಗೆ ಸಿಕ್ಕದ ಹಾಗೆ ಹಿಂದೆ ಸರಿಸಿ, ಆಕೆಯ ಮುಖಕ್ಕೆ ಕಟ್ಟಿದಳು. ಕೊಳವೆ ಕಚ್ಚುವುದು ಹೇಗೆಂದು ತೋರಿಸಿದಳು. ಮಧ್ಯಾಹ್ನದ ಪಾಳಿ, ಎಲ್ಲಕ್ಕಿಂತ ಕಷ್ಟದ್ದು, ಗುಲಾಬಿ ಬೇಕೆಂದೇ ಕೇಳಿ ತೆಗೆದುಕೊಂಡಿದ್ದಳು.

ಆಕೆ ತೇಲುತ್ತಿರುವಾಗಲೇ ವೈರ್‌ಲೆಸ್ ಗರಗರ ಎಂದಿತು. ಶ್ಯಾಮಲಾ ದೋಣಿಯ ಅಂಚಿಗೆ ಕೂತು ಅದನ್ನು ಕಿವಿಗೆ ಹಿಡಿದಳು.

"ಶ್ಯಾಮಲಕ್ಕ," ಎಂದ ಇಮ್ರಾನ್. "ಗಾಳಿ ತಿರುಗಿತು. ಗುಜರಾತಿಂದ ಹೊರಗೆ ಕಡಲಿಗೆ ಹೋಯ್ತಂತೆ. ಇನ್ನೊಂದು ಬರುವುದು ಯಾವಾಗ ಅಂತ ಅವರಿಗೂ ಗೊತ್ತಿಲ್ಲ. ನೀರು ಇಳಿದಿಲ್ಲ, ಒಂದು ಗೆರೆ ಏರಿದೆ. ಜನ ಬಿಸಿಲಲ್ಲಿ ಸಾಯುವುದು ಬೇಡ, ಎಲ್ಲರನ್ನೂ ಕರ್ಕೊಂಡು ಬಂದುಬಿಡಿ." ಅವನು ಅಳುತ್ತಿದ್ದ.

ದೋಣಿಯಲ್ಲಿದ್ದ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ನೀರಿನಲ್ಲಿ ಗುಲಾಬಿ ತಲೆಯೆತ್ತಿ, ಕೊಳವೆ ಬಾಯಿಂದ ತೆಗೆದು, ಏದುಸಿರು ಬಿಡುತ್ತ ಕೇಳಿದಳು, "ಎಂತ ಹೇಳ್ತಾ ಹೆಣ್ಣೆ ಅಂವ? ಗಾಳಿ ಯಾವಾಗ?"

ಶ್ಯಾಮಲಾ ವೈರ್‌ಲೆಸ್ಸಿನ ಗುಂಡಿ ತಿರುಗಿಸಿ ಆರಿಸಿದಳು.

"ನಾಳೆ ಬತ್ತ್ ಅಂಬ್ರ್ ಅತ್ತೆ."

"ನಾಳೆ ಅಲ್ದಾ? ಹಾಂಗಾರೆ ಇವತ್ತೊಂದ್ ದಿನ ಹಿಡ್ಕಂಡ್ರ್ ಆಯ್ತ್," ಎಂದಳು ಗುಲಾಬಿ. ಮುದುಕಿಯ ಮುಖದಲ್ಲಿ ಎರಡು ದಿನದಲ್ಲಿ ಮೊದಲ ಸಲ ಜೀವ ಬಂದಿತ್ತು. ಆಕೆ ಕೊಳವೆ ಕಚ್ಚಿ ಮತ್ತೆ ನೀರಿಗೆ ಮುಖ ಹಾಕಿದಳು. ಬಿಸಿಲು ಸರಿದಷ್ಟೂ ಆಕೆಯೂ ಸರಿಯುತ್ತ ಹೋದಳು. ಆಕೆಯ ಪಾಳಿ ಮುಗಿಯುವ ಹೊತ್ತಿಗೆ ಶ್ಯಾಮಲಾ ಬೇಬಿಯ ಮಾಸ್ಕು ಇಸಿದುಕೊಂಡು ತನ್ನ ಪಾಳಿಗೆ ಇಳಿದಳು.